ಮಣ್ಣು ನಮ್ಮದು, ಕಲ್ಲು ಸರ್ಕಾರದ್ದು

ಶುಕ್ರವಾರ ಸಂಜೆ ಆಫೀಸ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಜೆಸ್ಟಿಕ್‌ನಲ್ಲಿ ತುಮಕೂರು ಕಡೆ ಬಸ್ಸು ಹಿಡಿಯೋದು ನನಗೆ ಹದಿನೈದು ವರ್ಷದ ಅಭ್ಯಾಸ. ಆವತ್ತು ಅಮ್ಮ ಹೇಳಿದ್ದ ಯಾವುದೋ ಪಾತ್ರೆ ಸಾಮಾನು ತಗೊಳ್ಳೋಕೆ ಉಪ್ಪಾರಪೇಟೆ ಕಡೆಯ ಸಂದಿಗಳಲ್ಲಿ ತಿರುಗಾಡ್ತಾ ಇದ್ದೆ. ಒಂದು ಅಂಗಡಿಯ ಬೋರ್ಡಿನ ಕೆಳಗೆ ವಿಳಾಸ ಬರೆದಿತ್ತು: ಟ್ಯಾಂಕ್ ಬಂಡ್ ರೋಡ್. ಈ ಹೆಸರು ಎಷ್ಟೋ ಸಲ ಓದಿದ್ದೇನೆ, ಆದರೆ ಅದರ ಅರ್ಥ ಏನು ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ. ಟ್ಯಾಂಕ್ ಬಂಡ್ ಅಂದರೆ ಕೆರೆ ಏರಿ. ನಾನು ಕೆರೆ ಏರಿ ಪಕ್ಕದಲ್ಲಿ ನಿಂತು ಸ್ಟೀಲ್ ಡಬ್ಬಿಗೆ ಚೌಕಾಸಿ ಮಾಡ್ತಾ ಇದ್ದೆ!

ಅದೇ ಹೊತ್ತಿಗೆ ಅಪ್ಪನ ಫೋನು.

"ಲೋ, ಬಸ್ಸು ಊರೊಳಕ್ಕೆ ಬರಲ್ವಂತೆ. ಕೋಡಿ ಸೇತ್ವೆ ಇನ್ನೂ ಕುಸಿದೈತೆ. ಗೇಟಲ್ಲೇ ಇಳ್ಕೊ, ಗಾಡಿ ತತ್ತೀನಿ."

"ಇನ್ನೂ ರಿಪೇರಿ ಆಗಿಲ್ವಾಪ್ಪ?"

"ಯಾರ್ದು ಅಂತ ಗೊತ್ತಾದ್ರೆ ತಾನೆ ರಿಪೇರಿ ಆಗೋದು!"

ನಮ್ಮೂರಿಗೆ ಹೋಗುವ ರಸ್ತೆ ಕೆರೆ ಏರಿಯ ಮೇಲೇ ಹಾದು ಹೋಗುತ್ತದೆ. ಏರಿಯ ಒಂದು ತುದಿಯಲ್ಲಿ ಕೋಡಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದು ಹೋಗೋಕೆ ಬಿಟ್ಟ ಜಾಗ ಅದು. ಅದರ ಮೇಲೆ ಎರಡು ಕಣ್ಣಿನ ಒಂದು ಹಳೇ ಸೇತುವೆ. ಎರಡು ಮಳೆಗಾಲದ ಹಿಂದೆ ಕೆರೆ ಕೋಡಿ ಬಿದ್ದಾಗ ಒಂದು ಕಣ್ಣು ಕುಸಿಯಿತು. ಊರವರು ಅರ್ಜಿ ಹಿಡಿದು ಹೋದರು. ರಸ್ತೆ ನೋಡಿಕೊಳ್ಳುವ ಕಚೇರಿಯವರು "ಇದು ಕೆರೆಯ ಕೋಡಿ, ಕೆರೆಯವರನ್ನು ಕೇಳಿ" ಅಂದರು. ಕೆರೆ ನೋಡಿಕೊಳ್ಳುವ ಕಚೇರಿಯವರು "ಕೋಡಿ ಗಟ್ಟಿಯಾಗೇ ಇದೆ, ಬಿದ್ದಿರೋದು ಸೇತುವೆ, ಅದು ರಸ್ತೆಗೆ ಸೇರಿದ್ದು" ಅಂದರು. ಮೂರನೆಯ ಕಡೆ ಹೋದರೆ "ಕೆರೆ ನಮ್ಮ ಅಳತೆಗಿಂತ ದೊಡ್ಡದು" ಅಂದರು. ಈಗಿನ ಲೆಕ್ಕದಲ್ಲಿ ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ಮೇಲಿದ್ದರೆ ಸಣ್ಣ ನೀರಾವರಿಗೆ. ನಮ್ಮ ಕೆರೆ ಗೆರೆಯ ಆಸುಪಾಸಿನಲ್ಲೇ ಇದೆ. ಗೆರೆಯ ಮೇಲಿರೋರ ಕಷ್ಟ ಗೆರೆಯ ಮೇಲಿರೋರಿಗೇ ಗೊತ್ತು.

ನಮ್ಮ ಐಟಿ ಕಡೆಯವರಿಗೆ ಈ ಆಟ ಚೆನ್ನಾಗಿ ಗೊತ್ತು. ಒಂದು ಟಿಕೆಟ್ ಮೂರು ಟೀಮ್‌ಗಳ ನಡುವೆ ಓಡಾಡುತ್ತೆ. ಪ್ರತಿ ಟೀಮೂ ಒಂದು ಕಾಮೆಂಟ್ ಹಾಕಿ ಪಕ್ಕದವರಿಗೆ ತಳ್ಳುತ್ತೆ. ಯಾರೂ ಸುಳ್ಳು ಹೇಳ್ತಾ ಇರೋದಿಲ್ಲ, ಆದರೆ ಕೆಲಸ ಮಾತ್ರ ಆಗೋದಿಲ್ಲ. ಇದು ಈ ಕಾಲದ ರೋಗ, ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ನಾನೂ ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಗೊತ್ತಾಯಿತು, ನಮ್ಮ ಮೈಸೂರು ಸೀಮೆಯಲ್ಲಿ ಈ ಜಗಳಕ್ಕೆ ಇನ್ನೂರು ವರ್ಷದ ಹತ್ತಿರ ವಯಸ್ಸಾಗಿದೆ. ಅದಕ್ಕೂ ಹಿಂದೆ ಜಗಳ ಯಾಕೆ ಇಷ್ಟು ಇರಲಿಲ್ಲ ಅನ್ನೋದಕ್ಕೆ ಒಂದು ಕಾರಣವೂ ಇದೆ.

ಆ ಕಾರಣದ ಹೆಸರು ಕೊಡಗೆ.

ಕೆರೆ ಅಂದರೆ ನೀರು ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಕೆರೆ ಅಂದರೆ ಮೇಂಟೆನೆನ್ಸ್. ಏರಿ ಮಣ್ಣಿನದು. ಒಂದು ಜೋರು ಮಳೆಗೆ ಕೊರಕಲು ಬೀಳುತ್ತೆ. ಇಲಿ, ಹೆಗ್ಗಣ ಬಿಲ ತೋಡುತ್ತವೆ. ಜಾಲಿ ಗಿಡ ಬೆಳೆದು ಬೇರು ಬಿಟ್ಟರೆ ಆ ಬೇರು ಒಣಗಿದ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತೆ. ತೂಬಿನ ಬಾಯಿಗೆ ಹೂಳು ತುಂಬುತ್ತೆ. ಕೋಡಿಯ ಕಲ್ಲು ಸಡಿಲ ಆಗುತ್ತೆ. ಇಷ್ಟನ್ನೂ ಪ್ರತಿ ವರ್ಷ ಯಾರಾದರೂ ನೋಡಬೇಕು. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತೆ ನಿಜ, ಆದರೆ ಕೆರೆಯನ್ನು ಉಳಿಸೋದು ಮಳೆಗಾಲದ ರಾತ್ರಿ ಗುದ್ದಲಿ ಹಿಡಿದು ಏರಿ ಮೇಲೆ ಓಡಾಡುವ ಮನುಷ್ಯ.

ಅವನಿಗೆ ಕೂಲಿ ಕೊಡೋರು ಯಾರು? ನಮ್ಮ ಕನ್ನಡ ಶಾಸನಗಳನ್ನು ನೋಡಿದರೆ ಉತ್ತರ ಅಲ್ಲೇ ಇದೆ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಕೊಡಗೆ, ದಶವಂದ ಅನ್ನುವ ಪದಗಳು ಗಂಗರ ಕಾಲದಿಂದ ವಿಜಯನಗರದವರೆಗೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತವೆ. ಒಂದೊಂದರ ವಿವರ ಬೇರೆ ಬೇರೆ, ತಿರುಳು ಮಾತ್ರ ಒಂದೇ. ಕೆರೆ ಕಟ್ಟಿದವನಿಗೆ ಅಥವಾ ಕೆಟ್ಟ ಕೆರೆ ಸರಿಮಾಡಿದವನಿಗೆ ಅದೇ ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಕಂದಾಯ ಇಲ್ಲದೆ ಅಥವಾ ಕಡಿಮೆ ಕಂದಾಯಕ್ಕೆ. ಬದಲಿಗೆ ಅವನು, ಅವನ ಮಗ, ಮೊಮ್ಮಗ ಕೆರೆಯನ್ನು ನೋಡಿಕೊಳ್ಳಬೇಕು. ದಿನವೂ ಹೂಳು ಸಾಗಿಸುವ ಬಂಡಿಯ ಖರ್ಚಿಗೆ ಅಂತಲೇ ಭೂಮಿ ಬಿಟ್ಟ ಶಾಸನಗಳೂ ಇವೆ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಅಂತ ಕಾಳು.

ಇದರಲ್ಲಿ ಒಂದು ಜಾಣತನ ಇದೆ ನೋಡಿ. ಕೆರೆ ಒಡೆದರೆ ಮೊದಲು ಒಣಗೋದು ರಿಪೇರಿ ಮಾಡಬೇಕಾದವನ ಗದ್ದೆಯೇ. ಅವನ ಸಂಬಳ ಕೆರೆಯ ನೀರಿನಲ್ಲೇ ಇದೆ. ಕೆಲಸ ಮಾಡಿದನಾ ಇಲ್ಲವಾ ಅಂತ ನೋಡೋಕೆ ಇನ್ನೊಬ್ಬ ಮ್ಯಾನೇಜರ್ ಬೇಕಾಗಿಲ್ಲ. ಹಾಗಂತ ಇದನ್ನು ಚಿನ್ನದ ಕಾಲ ಅಂತ ಹೇಳೋಕೆ ಹೊರಟಿಲ್ಲ. ಕೊಡಗೆ ಭೂಮಿ ಸಿಕ್ಕಿದ್ದು ಊರಿನ ಗೌಡ, ಪಟೇಲ, ಉಳ್ಳವರಿಗೆ. ನಿಜವಾಗಿ ಮಣ್ಣು ಹೊತ್ತವರು ಉಪ್ಪಾರರು, ಒಡ್ಡರು, ಊರ ಹೊರಗಿನ ಕೇರಿಯವರು. ಅವರ ಹೆಸರು ಶಾಸನದಲ್ಲಿ ಸಿಗೋದು ಅಪರೂಪ. ಉಪ್ಪಾರರು ಹೆಸರೇ ಹೇಳುವಂತೆ ಚೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದವರು, ಜೊತೆಗೆ ಮಣ್ಣು ಗಾರೆ ಕೆಲಸದವರು. ಬೆಂಗಳೂರಿನಲ್ಲಿ ಅವರ ಹೆಸರಿನ ಪೇಟೆ ಇರೋದು ಊರಿನ ದೊಡ್ಡ ಕೆರೆಯ ಏರಿಯ ಪಕ್ಕದಲ್ಲೇ. ಅದು ಕಾಕತಾಳೀಯವೋ ಅಲ್ಲವೋ, ನೀವೇ ಯೋಚನೆ ಮಾಡಿ.

ಸೇತುವೆಗೂ ಇದೇ ಪದ್ಧತಿ ಒಂದು ಕಡೆ ಬಂತು. ಅದೂ ಬ್ರಿಟಿಷರ ಕಾಲದಲ್ಲಿ. ಶಿವನಸಮುದ್ರ ನಿಮಗೆಲ್ಲ ಗೊತ್ತು. ಮಳೆಗಾಲದಲ್ಲಿ ಗಗನಚುಕ್ಕಿ ನೋಡೋಕೆ ಹೋಗಿರ್ತೀರಿ. ನಿಮ್ಮ ಮನೆಯ ನಲ್ಲಿಗೆ ಬರುವ ಕಾವೇರಿ ನೀರು ಹೊರಡೋದೂ ಅಲ್ಲಿನ ಶಿವ ಅಣೆಕಟ್ಟಿನಿಂದಲೇ. ಅಲ್ಲಿ ಕಾವೇರಿ ಎರಡು ಕವಲಾಗಿ ನಡುವೆ ದ್ವೀಪ ಆಗುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ದ್ವೀಪದ ಮಳವಳ್ಳಿ ಕಡೆಯ ದಡ ಮೈಸೂರು ಸಂಸ್ಥಾನ, ಕೊಳ್ಳೇಗಾಲ ಕಡೆಯ ದಡ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆ. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಬಂದಿದ್ದು 1956ರಲ್ಲಿ. ಎರಡು ಸರ್ಕಾರಗಳ ನಡುವಿನ ಹೊಳೆ, ಹಾಳು ಬಿದ್ದ ಹಳೇ ಸೇತುವೆ. 1830ರ ಆಸುಪಾಸಿನಲ್ಲಿ ಅದನ್ನು ಎತ್ತಿ ನಿಲ್ಲಿಸಿದ್ದು ಒಬ್ಬ ಖಾಸಗಿ ಮನುಷ್ಯ, ಮೈಸೂರು ರೆಸಿಡೆಂಟರ ಬಳಿ ಕೆಲಸದಲ್ಲಿದ್ದ ರಾಮಸ್ವಾಮಿ ಮೊದಲಿಯಾರ್. ಹೊಳೆಯ ಬಂಡೆಯ ಮೇಲೇ ಕಲ್ಲು ಕಂಬ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಹಾಸಿದ ಸೇತುವೆಗಳು. ಅದಕ್ಕೆ ಪ್ರತಿಯಾಗಿ ಅವರಿಗೆ ಜನೋಪಕಾರ ಕಾಮಕರ್ತ ಅನ್ನುವ ಬಿರುದು, ಜೊತೆಗೆ ಜಹಗೀರಿಯಾಗಿ ಊರುಗಳು. ದುಡ್ಡಿನ ಬದಲು ಭೂಮಿ. ಕೆರೆಗೊಡಗೆಯ ದೊಡ್ಡ ರೂಪ ಅಂತಲೇ ಹೇಳಬಹುದು. ಆ ಕಡೆ ವೆಲ್ಲೆಸ್ಲಿ ಸೇತುವೆ, ಈ ಕಡೆ ಮದ್ರಾಸ್ ಗವರ್ನರ್ ಲಷಿಂಗ್ಟನ್ ಹೆಸರಿನ ಸೇತುವೆ. ಊರವರ ಬಾಯಲ್ಲಿ ವೆಲ್ಲೆಸ್ಲಿ ಅನ್ನೋದು ವೆಸ್ಲಿ ಆಗಿದೆ. ಎರಡೂ ದಡದ ಸರ್ಕಾರಗಳ ಹೊರಗಿನ ಒಬ್ಬ ಮನುಷ್ಯ ಕೆಲಸ ಮಾಡಿದ, ಎರಡೂ ದಡದವರು ಓಡಾಡಿದರು. ಬಿರುದಿನ ಕಾಲ, ಜಹಗೀರಿನ ಕಾಲ ಎಲ್ಲಾ ಮುಗಿದ ಮೇಲೆ, 2018ರ ಪ್ರವಾಹದಲ್ಲಿ ಹಳೇ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು.

ಈಗ ಮತ್ತೆ ಕೆರೆಗೆ ಬರೋಣ. ಜಗಳ ಎಲ್ಲಿ ಶುರುವಾಯಿತು?

ಕೊಡಗೆಯಲ್ಲಿ ಭೂಮಿ ಮತ್ತು ಕೆಲಸ ಒಂದೇ ಗಂಟಿನಲ್ಲಿ ಕಟ್ಟಿದ್ದವು. ಆ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬಂದ ಆಡಳಿತಕ್ಕೆ ಇಂಗ್ಲಿಷ್ ಕಂಪನಿಗೆ ವರ್ಷಾ ವರ್ಷ ಕಟ್ಟಬೇಕಾದ ಪೊಗದಿ ಇತ್ತು, ಅದೂ ನಗದಿನಲ್ಲಿ. ಇನಾಂ ಭೂಮಿಗಳ ಮೇಲೆ ಕಣ್ಣು ಬೀಳೋದು ಸಹಜ. 1831ರಲ್ಲಿ ಬ್ರಿಟಿಷ್ ಕಮಿಷನ್ ಆಡಳಿತ ಬಂತು. ಕೆರೆ, ಕಾಲುವೆ, ರಸ್ತೆ ರಿಪೇರಿಗೆ ಮರಾಮತ್ ಅನ್ನುವ ವ್ಯವಸ್ಥೆ, ಅಮಲ್ದಾರರ ಕೈಕೆಳಗೆ. 1856ರಲ್ಲಿ ಕಬ್ಬನ್ ಕಾಲದಲ್ಲಿ ಪಿಡಬ್ಲ್ಯುಡಿ ಹುಟ್ಟಿತು. 1860ರ ದಶಕದಲ್ಲಿ ಇನಾಂ ಕಮಿಷನ್ ಬಂದು ಪ್ರತಿ ಇನಾಂ ಭೂಮಿಗೂ 'ಇದು ಯಾಕೆ ಸಿಕ್ಕಿತು, ಯಾರು ಕೊಟ್ಟರು' ಅಂತ ಕೇಳಿ ದಾಖಲೆ ಮಾಡಿತು.

ಆಮೇಲೆ ಬಂದ ವಾದ ಎರಡು ಕಡೆಯಿಂದಲೂ ಗಟ್ಟಿಯಾಗಿದೆ. ರೈತರ ಮಾತು ಇದು: ನೀರಿನ ಗದ್ದೆಗೆ ಒಣ ಹೊಲಕ್ಕಿಂತ ಎಷ್ಟೋ ಹೆಚ್ಚು ಕಂದಾಯ ತಗೊಳ್ತೀರಿ. ಆ ಹೆಚ್ಚಿನ ಕಂದಾಯ ಕೆರೆ ನೀರಿನ ಬೆಲೆ. ಬೆಲೆ ತಗೊಂಡವರು ತಾನೆ ಸರಕು ಸರಿಯಾಗಿ ಕೊಡಬೇಕು? ಕೆರೆ ಸರ್ಕಾರದ್ದಾದರೆ ರಿಪೇರಿಯೂ ಸರ್ಕಾರದ್ದು. ಸರ್ಕಾರದ ಮಾತು ಇದು: ಹಿಂದಿನಿಂದ ಬಂದ ಪದ್ಧತಿಯಲ್ಲಿ ಏರಿಗೆ ಮಣ್ಣು ಹಾಕೋದು, ಕೊರಕಲು ಮುಚ್ಚೋದು, ಗಿಡ ಕೀಳೋದು, ತೂಬಿನ ಮುಂದಿನ ಹೂಳು, ಕಾಲುವೆಯ ಹೂಳು ತೆಗೆಯೋದು, ಮಳೆಗಾಲದಲ್ಲಿ ಕಾವಲು ಇರೋದು ಎಲ್ಲ ರೈತರ ಕೆಲಸ. ಅದನ್ನು ಬಿಟ್ಟು ಈಗ ಎಲ್ಲದಕ್ಕೂ ಎಂಜಿನಿಯರ್ ಬರಲಿ ಅಂದರೆ ಹೇಗೆ? ತೂಬು, ಕೋಡಿ, ಕಲ್ಲುಕಟ್ಟಣೆ ನಾವು ಮಾಡ್ತೀವಿ, ಮಣ್ಣು ನಿಮ್ಮದು.

ಮಣ್ಣು ರೈತರದ್ದು, ಕಲ್ಲು ಸರ್ಕಾರದ್ದು. ಹಳೇ ಮೈಸೂರಿನ ನೂರೈವತ್ತು ವರ್ಷದ ಕೆರೆ ರಾಜಕೀಯವನ್ನು ಒಂದು ಸಾಲಿನಲ್ಲಿ ಹೇಳಿ ಅಂದರೆ ಇಷ್ಟೇ.

ಕಾಗದದ ಮೇಲೆ ಇದು ಚೆನ್ನಾಗೇ ಇದೆ. ಕೆರೆಗೆ ಮಾತ್ರ ಈ ಗೆರೆ ಗೊತ್ತಿಲ್ಲ. ಕೋಡಿಯ ಕಲ್ಲು ಸಡಿಲವಾದರೆ ಪಕ್ಕದ ಮಣ್ಣು ಕೊಚ್ಚುತ್ತೆ, ಏರಿಯ ಮಣ್ಣು ಕುಸಿದರೆ ತೂಬಿನ ಕಲ್ಲು ಬೀಳುತ್ತೆ. 'ಮೊದಲು ಅವರು ಮಾಡಲಿ' ಅಂತ ಇಬ್ಬರೂ ಕಾಯುತ್ತಾ ಕೂತರೆ ಮಳೆ ಕಾಯೋದಿಲ್ಲ. ಇನ್ನೊಂದು ತೊಡಕು, ನಮ್ಮ ಕೆರೆಗಳು ಒಂಟಿಯಾಗಿಲ್ಲ, ಸರಪಳಿಯಲ್ಲಿವೆ. ಮೇಲಿನ ಊರಿನ ಕೋಡಿ ನೀರು ಕೆಳಗಿನ ಊರಿನ ಕೆರೆಗೆ ಬರುತ್ತೆ. ಮೇಲಿನದು ಒಡೆದರೆ ಕೆಳಗಿನವು ಒಂದರ ಹಿಂದೆ ಒಂದು ಹೋಗುತ್ತವೆ. ನನ್ನ ಊರಿನ ಏರಿ ಗಟ್ಟಿಯಾಗಿದ್ದರೆ ಸಾಲದು, ಮೇಲಿನ ಊರಿನವರು ಗಿಡ ಕೀಳ್ತಾ ಇದ್ದಾರಾ ಅನ್ನೋದೂ ಮುಖ್ಯ. ಪ್ರತಿ ಊರೂ ತನ್ನ ಪಾಲು ಮಾಡಲಿ ಅಂತ ಬಿಟ್ಟರೆ ಸರಪಳಿ ಉಳಿಯಲ್ಲ.

1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಲೆಕ್ಕ ಹಾಕಿದರು. ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆಗೆ ಹೆಸರು ಬಂದದ್ದು ಇವರಿಂದಲೇ. ಸಂಸ್ಥಾನದ 27,269 ಚದರ ಮೈಲಿಯಲ್ಲಿ ನೂರಕ್ಕೆ ಅರವತ್ತರ ಹತ್ತಿರ ಕೆರೆ ವ್ಯವಸ್ಥೆಯ ಅಡಿಯಲ್ಲಿ ಬಂದಿತ್ತು. ಹೊಸ ಕೆರೆ ಕಟ್ಟೋಕೆ ಜಾಗ ಹುಡುಕಬೇಕಾದರೆ ಬಹಳ ಬುದ್ಧಿ ಓಡಿಸಬೇಕು ಅನ್ನುವ ಅರ್ಥದ ಮಾತನ್ನು ಆ ಮನುಷ್ಯ ಬರೆದಿದ್ದಾರೆ. ಓದೋಕೆ ಹೆಮ್ಮೆ ಅನ್ನಿಸುತ್ತೆ. ರಿಪೇರಿ ಬಜೆಟ್ ಮಾಡಬೇಕಾದ ಎಂಜಿನಿಯರ್ ಜಾಗದಲ್ಲಿ ನಿಂತು ಓದಿ ನೋಡಿ, ಎದೆ ಒಡೆಯುತ್ತೆ. ಯಾವ ಇಲಾಖೆಯೂ ಅಷ್ಟು ಕೆರೆಗಳ ಏರಿಯ ಮೇಲೆ ಮಳೆಗಾಲದ ರಾತ್ರಿ ನಿಲ್ಲೋಕೆ ಆಗೋದಿಲ್ಲ. ಸರ್ಕಾರ ಒಂದು ಸಲ ಸರಿಮಾಡಿ ಕೊಡಲಿ, ಆಮೇಲೆ ಊರವರು ನೋಡಿಕೊಳ್ಳಲಿ ಅನ್ನುವ ಯೋಚನೆ ಬಂದದ್ದೂ ಆ ಕಾಲದಲ್ಲೇ. ಊರವರಿಗೆ ಆ 'ಆಮೇಲೆ'ಯ ಮೇಲೆ ನಂಬಿಕೆ ಇರಲಿಲ್ಲ.

ಇದೇ ಸಮಯದಲ್ಲಿ ನಮ್ಮ ಪಕ್ಕದ ಚಿತ್ತೂರು ಸೀಮೆಯಿಂದ ಒಂದು ಕೇಸು ಲಂಡನ್‌ವರೆಗೆ ಹೋಯಿತು. ಬೆಂಗಳೂರಿಗೆ 1864ರಲ್ಲಿ ಮೊದಲ ರೈಲು ತಂದದ್ದು ಮದ್ರಾಸ್ ರೈಲ್ವೆ ಕಂಪನಿ. ಅದೇ ಕಂಪನಿಯ ಇನ್ನೊಂದು ಲೈನು ಕಾರ್ವೇಟಿನಗರದ ಜಮೀನ್ದಾರಿಯಲ್ಲಿ ಹಾದುಹೋಗಿತ್ತು. ಜೋರು ಮಳೆಗೆ ಜಮೀನ್ದಾರರ ಹಳೇ ಕೆರೆಗಳು ಒಡೆದವು, ರೈಲ್ವೆ ಸೇತುವೆಗಳು ಕೊಚ್ಚಿಹೋದವು. ಕಂಪನಿ ಜಮೀನ್ದಾರರ ಮೇಲೆ ಪರಿಹಾರಕ್ಕೆ ದಾವೆ ಹಾಕಿತು. ಅದಕ್ಕೆ ಸ್ವಲ್ಪ ಮುಂಚೆ, 1868ರಲ್ಲಿ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ರೈಲಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ನಿನ್ನ ಜಾಗದಲ್ಲಿ ಅಪಾಯದ ವಸ್ತು, ಅಂದರೆ ಅಲ್ಲಿ ನೀರು, ತಂದು ಕೂಡಿಟ್ಟಿದ್ದೀಯ. ಅದು ತಪ್ಪಿಸಿಕೊಂಡು ಪಕ್ಕದವನಿಗೆ ನಷ್ಟ ಆದರೆ ನಿನ್ನ ತಪ್ಪಿರಲಿ ಬಿಡಲಿ ನೀನೇ ಹೊಣೆ ಅಂತ. ಕಂಪನಿ ಅದೇ ನಿಯಮ ಇಲ್ಲಿಗೂ ಹಾಕಿ ಅಂದಿತು.

1874ರಲ್ಲಿ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಕಾರಣ ಕೇಳಿದರೆ ಖುಷಿ ಆಗುತ್ತೆ. ಇಂಗ್ಲೆಂಡಿನ ಆ ಮನುಷ್ಯ ತನ್ನ ಮಿಲ್ಲಿಗೆ, ತನ್ನ ಲಾಭಕ್ಕೆ ನೀರು ಕೂಡಿಟ್ಟಿದ್ದ. ಇಲ್ಲಿನ ಕೆರೆಗಳು ಹಾಗಲ್ಲ. ಅವು ಪುರಾತನ ಕಾಲದವು, ಸಾವಿರಾರು ಜನರ ಬೇಸಾಯ ಅವುಗಳ ಮೇಲೆ ನಿಂತಿದೆ. ಬೇಡ ಅಂತ ಕೆರೆ ಮುಚ್ಚುವ ಹಕ್ಕೂ ಜಮೀನ್ದಾರನಿಗಿಲ್ಲ, ಉಳಿಸಿಕೊಂಡು ಹೋಗೋದು ಅವನ ಕರ್ತವ್ಯ. ಆದ್ದರಿಂದ ಅವನು ನಿರ್ಲಕ್ಷ್ಯ ಮಾಡಿದ್ದರೆ ಮಾತ್ರ ಹೊಣೆ. ಕಂಪನಿ ಸೋತಿತು. ಕೆರೆ ಅನ್ನೋದು ಒಬ್ಬನ ಆಸ್ತಿ ಅಲ್ಲ, ಒಂದು ಹೊಣೆ ಅಂತ ಲಂಡನ್ನಿನ ಜಡ್ಜುಗಳು ಹೇಳಿದ ಹಾಗಾಯಿತು. ನಮ್ಮ ಶಾಸನಗಳು ಅಷ್ಟು ಹೊತ್ತಿಗೆ ಸಾವಿರ ವರ್ಷದಿಂದ ಹೇಳ್ತಾ ಇದ್ದ ಮಾತು ಅದು.

ಆದರೆ ತೀರ್ಪು ಹೇಳಿದ್ದು ಹೊಣೆ ಇದೆ ಅಂತ. ಹೊಣೆ ಹೊತ್ತವನಿಗೆ ದುಡ್ಡು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಎರಡೇ ವರ್ಷದಲ್ಲಿ ಅದಕ್ಕೆ ಭಯಂಕರ ಪರೀಕ್ಷೆ ಬಂತು. 1876ರಿಂದ 1878ರ ಬರ. 1871ರ ಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ ಅದು 42 ಲಕ್ಷದ ಕೆಳಗೆ ಇಳಿದಿತ್ತು. ಬರಕ್ಕೆ ಕಾರಣ ಮಳೆ ಇಲ್ಲದ್ದು, ಕೆರೆ ರಿಪೇರಿ ಆಗದ್ದಲ್ಲ. ಮಳೆಯೇ ಬರದಿದ್ದರೆ ಗಟ್ಟಿ ಕೆರೆಯಲ್ಲೂ ನೀರಿರೋದಿಲ್ಲ. ಆದರೆ ಬರದ ನಂತರ ಕೆರೆ ನೋಡಿಕೊಳ್ಳುವ ಕೈಗಳೇ ಊರುಗಳಲ್ಲಿ ಕಡಿಮೆ ಆಗಿದ್ದವು. ಮಣ್ಣಿನ ಕೆಲಸ ರೈತರದ್ದು ಅಂತ ಕಾಗದ ಹೇಳುತ್ತೆ, ಹೊರಬೇಕಾದ ರೈತ ಎಲ್ಲಿ?

1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ಶುರುವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೆರೆ ದುರಸ್ತಿ ಮತ್ತೆ ಮತ್ತೆ ಬಂದ ವಿಷಯ. ದೊಡ್ಡ ಕೆರೆ ಪಿಡಬ್ಲ್ಯುಡಿಗೆ, ಸಣ್ಣ ಕೆರೆ ರೆವಿನ್ಯೂ ಇಲಾಖೆಗೆ ಅಂತ ಹಂಚಿಕೆ ಆಯಿತು. ಇವತ್ತಿನ 40 ಹೆಕ್ಟೇರ್ ಗೆರೆಯ ಮುತ್ತಜ್ಜ ಇದೇ. ಕೊನೆಗೆ 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿ ಕಾಯಿದೆ ತಂದಿತು. ಊರವರೇ ಪಂಚಾಯಿತಿ ಮಾಡಿಕೊಂಡು ಕೆರೆ ನೋಡಿಕೊಳ್ಳಲಿ, ತನ್ನ ಪಾಲಿನ ಕೆಲಸಕ್ಕೆ ಬಾರದವರಿಂದ ವಸೂಲಿ ಮಾಡುವ ಬಲವೂ ಅವರಿಗಿರಲಿ ಅನ್ನೋದು ಉದ್ದೇಶ. ಆಗ ದಿವಾನರಾಗಿದ್ದವರು ಟಿ. ಆನಂದರಾವ್, ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯ. ಅದೇ ವರ್ಷ ಕನ್ನಂಬಾಡಿ ಕಟ್ಟೆಯ ಕೆಲಸವೂ ಶುರುವಾಯಿತು. ಕಟ್ಟೆ ಯಾರದು ಅಂತ ಯಾರೂ ಕೇಳಬೇಕಾಗಿರಲಿಲ್ಲ. ಒಂದೇ ಯಜಮಾನ, ಒಂದೇ ಬಜೆಟ್, ಎಲ್ಲರೂ ನೋಡುವ ದೊಡ್ಡ ಕೆಲಸ. ಊರೂರಿನ ಕೆರೆಗಳಿಗೆ ಅಂಥ ಅದೃಷ್ಟ ಇರಲಿಲ್ಲ. ಕಾಯಿದೆ ಇತ್ತು, ಪಂಚಾಯಿತಿ ಮಾಡಿಕೊಳ್ಳಬೇಕಾದವರಿಗೆ ಮಾತ್ರ ಹುರುಪು ಇರಲಿಲ್ಲ. ಕಂದಾಯ ಮೊದಲಿನ ಹಾಗೇ ಹೋಗ್ತಾ ಇತ್ತು, ಮೇಲೆ ಈ ಬಿಟ್ಟಿ ಕೆಲಸ ಬೇರೆ ಯಾಕೆ ಅನ್ನುವ ಭಾವನೆ.

ಮೆಜೆಸ್ಟಿಕ್ ಪಕ್ಕದ ಆನಂದರಾವ್ ಸರ್ಕಲ್‌ನ ಆನಂದರಾವ್ ಇವರೇ. ಕೆರೆ ಯಾರು ಉಳಿಸಬೇಕು ಅಂತ ಕಾಯಿದೆ ತಂದ ದಿವಾನರ ಹೆಸರಿನ ವೃತ್ತದಿಂದ ನಡೆಯುವಷ್ಟು ದೂರದಲ್ಲೇ, ಸತ್ತ ಕೆರೆಯ ಏರಿ ಇದೆ.

ಆ ಕೆರೆ ಧರ್ಮಾಂಬುಧಿ. ಕೆಂಪೇಗೌಡರು ಕಟ್ಟಿಸಿದ್ದು ಅಂತ ಹೇಳುವ ಕೆರೆಗಳಲ್ಲಿ ಒಂದು. ಪೇಟೆಯ ಜನ ಕುಡಿಯುತ್ತಿದ್ದ ನೀರಿನಲ್ಲಿ ದೊಡ್ಡ ಪಾಲು ಇದರದ್ದು. ಇಲ್ಲಿಂದ ಕಾಲುವೆಯಲ್ಲಿ ಹರಿದ ನೀರು ಪೇಟೆಯ ಕಾರಂಜಿ ತೊಟ್ಟಿಗಳಿಗೆ ಹೋಗುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆರೆಯ ಪಕ್ಕಕ್ಕೇ ರೈಲು ಸ್ಟೇಷನ್ ಬಂತು, ಸುತ್ತ ಬಡಾವಣೆಗಳು ಬಂದವು, ನೀರು ಕೆಡುತ್ತಾ ಬಂತು. ಅಷ್ಟಾದರೂ ಕೆರೆ ಬೇಕಾಗಿತ್ತು, ಹೂಳು ಯಾರು ತೆಗೆಯಬೇಕು ಅನ್ನೋ ಮಾತಿಗೆ ಅರ್ಥ ಇತ್ತು. 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ತರುವ ಯೋಜನೆ ಶುರುವಾಯಿತು. 1896ರಲ್ಲಿ ನಲ್ಲಿಯಲ್ಲಿ ನೀರು ಬಂತು. ಕಾಲರಾ ಕಾಲದ ಊರಿಗೆ ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದ ಮುಂದೆ ಧರ್ಮಾಂಬುಧಿ ಯಾರಿಗೂ ಬೇಕಾಗಲಿಲ್ಲ.

ಆಮೇಲೆ ಕೆರೆ ಬತ್ತಿತು, ಮೈದಾನ ಆಯಿತು, ಸುಭಾಷ್ ನಗರ ಅನ್ನುವ ಹೆಸರು ಬಂತು, 1960ರ ದಶಕದಲ್ಲಿ ಬಸ್ ನಿಲ್ದಾಣ ಆಯಿತು. ಈಗ ಅದರ ಕೆಳಗೆ ಮೆಟ್ರೋ ನಿಲ್ದಾಣ. ಕೆರೆ ಅಂಗಳದ ಮೇಲಿನ ಬಸ್ ನಿಲ್ದಾಣಕ್ಕೂ ಕೆಳಗಿನ ಮೆಟ್ರೋಗೂ ಇಟ್ಟಿರೋದು ಕೆಂಪೇಗೌಡರದೇ ಹೆಸರು. ಏರಿಯ ನೆನಪು ಉಳಿದಿರೋದು ಒಂದು ರಸ್ತೆಯ ಬೋರ್ಡಿನಲ್ಲಿ, ಅದೂ ಇಂಗ್ಲಿಷ್ ಪದದಲ್ಲಿ.

ಇದನ್ನು ಓದಿದ ಮೇಲೆ ನಮ್ಮೂರಿನ ಜಗಳ ನನಗೆ ಬೇರೆ ಥರ ಕಾಣಿಸಿತು. 'ಯಾರು ರಿಪೇರಿ ಮಾಡಬೇಕು' ಅಂತ ಜನ ಕಿತ್ತಾಡ್ತಾ ಇದ್ದಾರೆ ಅಂದರೆ ಆ ಕೆರೆ, ಆ ಸೇತುವೆ ಇನ್ನೂ ಯಾರಿಗೋ ಬೇಕು ಅಂತ ಅರ್ಥ. ಧರ್ಮಾಂಬುಧಿಯ ವಿಷಯದಲ್ಲಿ ಹಾಗೆ ಕಿತ್ತಾಡೋರೂ ಇಲ್ಲದ ದಿನ ಬಂತು. ಜಗಳ ಆಡುವಷ್ಟು ದಿನ ಕೆರೆಗೆ ಜೀವ ಇರುತ್ತೆ.

ಆವತ್ತು ರಾತ್ರಿ ಗೇಟಿನಿಂದ ಅಪ್ಪನ ಗಾಡಿಯ ಹಿಂದೆ ಕೂತು ಸುತ್ತು ದಾರಿಯಲ್ಲಿ ಹೋಗುವಾಗ ಕೊಡಗೆಯ ಕಥೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ನಮ್ ತೂಬಿನ್ ಕೆಳಗಿನ ಗದ್ದೆಗೆ ಏನಂತ ಕರೀತೀವಿ?"

ಕೊಡಗೆ ಗದ್ದೆ.

ಹುಟ್ಟಿದಾಗಿನಿಂದ ಆ ಹೆಸರು ಕೇಳಿದ್ದೇನೆ. ಕೊಡಗೆ ಅಂದರೆ ಹೆಸರು ಅಷ್ಟೇ, ದಿಣ್ಣೆ ಹೊಲ, ಬೇವಿನಮರದ ಹೊಲ ಇದ್ದ ಹಾಗೆ ಅಂದುಕೊಂಡಿದ್ದೆ. ಆ ಗದ್ದೆಯ ಭತ್ತ ಮಾರಿ, ಆಮೇಲೆ ಅಡಿಕೆ ಹಾಕಿ, ನನ್ನ ಬಿಇ ಫೀಸು ಕಟ್ಟಿದ್ದು.

"ನಮ್ ತಾತ ಮಳೆಗಾಲ್ದಲ್ಲಿ ಏರಿ ಮೇಲೇ ಕಂಬ್ಳಿ ಹೊದ್ಕೊಂಡು ಮಲಗ್ತಿದ್ನಂತೆ. ನಮ್ಮಪ್ಪ ವರ್ಷಕ್ಕೊಂದ್ಸಲ ಜಾಲಿ ಕಡಿಸ್ತಿದ್ದ. ನಾನು..." ಅಪ್ಪ ಅಲ್ಲಿಗೇ ನಿಲ್ಲಿಸಿದರು. ನಾನಂತೂ ಹೇಳೋಕೆ ಏನೂ ಇರಲಿಲ್ಲ. ಇನಾಂಗಳನ್ನು ರದ್ದು ಮಾಡಿದ ಕಾಯಿದೆ 1950ರ ದಶಕದಲ್ಲಿ ಬಂತು. ಕಾನೂನಿನ ಕಣ್ಣಲ್ಲಿ ನಮ್ಮ ಮೇಲೆ ಈಗ ಯಾವ ಹೊಣೆಯೂ ಇಲ್ಲ. ಪಹಣಿಯಲ್ಲಿ ಅದು ಎಲ್ಲರ ಗದ್ದೆಯ ಹಾಗೇ ಒಂದು ಗದ್ದೆ. ಭೂಮಿ ನಮ್ಮ ಹತ್ತಿರ ಉಳಿಯಿತು, ಕೆಲಸ ಮಾತ್ರ ಎಲ್ಲೋ ಬಿದ್ದುಹೋಯಿತು. ಮೂರು ಕಚೇರಿಗಳನ್ನು ಬೈಯುವಾಗ ನಾಲ್ಕನೆಯವರು ನಾವೇ ಅನ್ನೋದು ನನಗೆ ಗೊತ್ತಿರಲಿಲ್ಲ.

ಮಾರನೇ ಭಾನುವಾರ ಒಂದು ಟ್ರ್ಯಾಕ್ಟರ್ ಮಾತಾಡಿಕೊಂಡು ಏರಿಯ ಮೇಲಿನ ಕೊರಕಲುಗಳಿಗೆ ಮಣ್ಣು ಹೊಡೆಸಿದೆವು, ಜಾಲಿ ಕೀಳಿಸಿದೆವು. ಅಚ್ಚುಕಟ್ಟಿನ ಏಳೆಂಟು ಮನೆಯವರು ಬಂದರು, ಉಳಿದವರು "ಬೆಂಗ್ಳೂರಿಂದ ಬಂದು ಫೋಟೋ ತೆಗ್ಸಿಕೊಳ್ತಾವ್ನೆ" ಅಂದರಂತೆ. ಅವರು ಹೇಳಿದ್ದರಲ್ಲೂ ಸ್ವಲ್ಪ ಸತ್ಯ ಇದೆ, ಫೋಟೋ ತೆಗೆಸಿಕೊಂಡೆ. ಮಧ್ಯಾಹ್ನಕ್ಕೆ ನನ್ನ ಕೈ ಬೊಬ್ಬೆ ಬಂದಿತ್ತು.

ಸೇತುವೆಯನ್ನು ಮುಟ್ಟಲಿಲ್ಲ. ಅದು ನಮ್ಮಿಂದ ಆಗುವ ಕೆಲಸ ಅಲ್ಲ, ಆಗಲೂಬಾರದು. ಬಸ್ಸು ಹೋಗುವ ಸೇತುವೆಯನ್ನು ಊರವರು ಕೂಡಿ ಕಟ್ಟಿದರೆ ನಾಳೆ ಯಾರಿಗೋ ಪ್ರಾಣಕ್ಕೆ ಬರುತ್ತೆ. ಅದಕ್ಕೆ ಲೆಕ್ಕ ಬೇಕು, ಕಬ್ಬಿಣ ಬೇಕು, ಸಹಿ ಹಾಕಿ ಹೊಣೆ ಹೊರುವ ಎಂಜಿನಿಯರ್ ಬೇಕು. ಆದ್ದರಿಂದ ಹೊಸ ಅರ್ಜಿ ಬರೆದೆ. ಮೂರು ಕಚೇರಿಗೂ ಒಂದೇ ಅರ್ಜಿ, ಮೂವರಿಗೂ ಒಂದೇ ದಿನ ಜಾಗಕ್ಕೆ ಬನ್ನಿ ಅಂತ ಕೋರಿಕೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಏರಿಯ ಮಣ್ಣಿನ ಕೆಲಸ ಹಿಂದಿನ ಪದ್ಧತಿಯಂತೆ ನಾವು ಮಾಡಿದ್ದೇವೆ, ಕಲ್ಲಿನ ಕೆಲಸ ಬಾಕಿ ಇದೆ.

ಇದನ್ನು ಬರೆಯುವ ಹೊತ್ತಿಗೆ ಮೂವರಲ್ಲಿ ಒಬ್ಬರು ಬಂದು ಅಳತೆ ತಗೊಂಡು ಹೋಗಿದ್ದಾರೆ. ಸೇತುವೆ ಇನ್ನೂ ಹಾಗೇ ಇದೆ. ಶುಕ್ರವಾರ ಬಸ್ಸು ಗೇಟಲ್ಲೇ ಇಳಿಸುತ್ತೆ.